ಹೆದ್ದಾರಿ 66ಕ್ಕೆ ಊರಿನ ದಾರಿ ಸೇರಿಸುವುದು: ನಿವೃತ್ತ ಹೆದ್ದಾರಿ ಎಂಜಿನಿಯರರೊಂದಿಗೆ ಪ್ರಶ್ನೋತ್ತರ

ಶಿಕ್ಷಕಿ, ಉಡುಪಿ ಜಿಲ್ಲೆ: ನಮ್ಮ ಶಾಲೆಯ ದಾರಿ ರಾಷ್ಟ್ರೀಯ ಹೆದ್ದಾರಿಯನ್ನು ಸೇರುವಲ್ಲಿ ಯಾರೋ ಡಿವೈಡರ್ ಒಡೆದು ಕಟ್ಟಿಂಗ್ ಮಾಡಿದ್ದಾರೆ. ಹೆದ್ದಾರಿ ಎತ್ತರವಾಗಿರುವುದರಿಂದ ತಾಯಂದಿರು ಸ್ಕೂಟರನ್ನು ಏರಿನಲ್ಲೇ ನಿಲ್ಲಿಸಿ, ಬ್ರೇಕ್ ಒತ್ತಿ, ಒಂದು ಕಾಲು ಊರಿ ಕಾಯುತ್ತಾರೆ. ಹಿಂದೆ ಮಗು ಚೀಲ ಹೊತ್ತು ಕುಳಿತಿರುತ್ತದೆ. ಬಲಗಡೆಯ ಕೆಂಪುಕಲ್ಲಿನ ಗೋಡೆಯಿಂದಾಗಿ ಬರುವ ಬಸ್ಸು ಕಾಣುವುದಿಲ್ಲ. ಊರಿನವರು ಒಟ್ಟಾಗಿದ್ದೇವೆ. ಎಲ್ಲಿಂದ ಆರಂಭಿಸಬೇಕು?

ಎಂಜಿನಿಯರ್: ಇಂದು ಬಂದ ಪ್ರಶ್ನೆಗಳಲ್ಲಿ ನನ್ನನ್ನು ಚಿಂತೆಗೀಡುಮಾಡಿದ್ದು ಇದೊಂದೇ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ 22 ಮೀಟರ್ ಸಾಗುತ್ತದೆ. ಚಾಲಕ ಅಡ್ಡಿಯನ್ನು ಕಂಡು, ಬ್ರೇಕ್ ಒತ್ತಿ ನಿಲ್ಲಿಸಲು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ 120 ಮೀಟರ್ ಬೇಕು. ಏರಿನಲ್ಲಿ ನಿಂತ ಸ್ಕೂಟರ್ ಹೊರಟು 7 ಮೀಟರ್ ಅಗಲದ ಎರಡು ಲೇನ್‌ಗಳನ್ನು ದಾಟಲು ಐದಾರು ಸೆಕೆಂಡುಗಳಾದರೂ ಹಿಡಿಯುತ್ತವೆ. ಹಾಗಾಗಿ ಸವಾರರ ಕಣ್ಣಿನ ಎತ್ತರದಲ್ಲಿ, ಅಂದರೆ ಸುಮಾರು 1.2 ಮೀಟರ್ ಎತ್ತರದಲ್ಲಿ ನಿಂತು, ಬಲಕ್ಕೆ ಎಷ್ಟು ದೂರ ಕಾಣುತ್ತದೆ ಎಂಬುದನ್ನು ಮೊದಲು ಟೇಪಿನಿಂದ ಅಳೆಯಿರಿ.

ಈ ಮಳೆಗಾಲಕ್ಕೆ ಮುನ್ನ ಮೂರು ಕೆಲಸಗಳು ಸಾಧ್ಯ: ಮಾಲೀಕರು ಒಪ್ಪಿದರೆ ಗೋಡೆಯನ್ನು ತಗ್ಗಿಸುವುದು, ಪಂಚಾಯತ್ ರಸ್ತೆಯ ತುದಿಯಲ್ಲಿ ಒಂದು ಕಾರು ನಿಲ್ಲುವಷ್ಟು ಉದ್ದವನ್ನು ಸಮತಟ್ಟು ಮಾಡುವುದು, ಒಂದು ದೀಪ ಹಾಕಿಸುವುದು. ಹೆದ್ದಾರಿಯ ಜಾಗಕ್ಕೆ ತಾಗುವ ಕೆಲಸಕ್ಕೆ ಹೆದ್ದಾರಿ ಪ್ರಾಧಿಕಾರದ ಲಿಖಿತ ಒಪ್ಪಿಗೆ ಬೇಕು. ಪತ್ತನಾಜೆ (ಮೇ ಕೊನೆಯ ಭಾಗದಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಆಚರಣೆಯ ದಿನ) ಕಳೆದ ಮೇಲೆ ಮಣ್ಣು ಅಗೆಯಬೇಡಿ. ವರ್ಷಕ್ಕೆ 4000 ಮಿಲಿಮೀಟರ್ ಸುರಿಯುವ ನಮ್ಮಲ್ಲಿ ಅಗೆದ ಮಣ್ಣು ಚರಂಡಿಗೆ ಹೋಗಿ, ಚರಂಡಿಯ ನೀರು ರಸ್ತೆಗೆ ಬರುತ್ತದೆ.

ಎರಡನೆಯ ಹಂತವೆಂದರೆ ಎರಡೂ ಬದಿಯ ಸರ್ವಿಸ್ ರಸ್ತೆ. ಅದು ಮುಗಿದ ಮೇಲಷ್ಟೇ ಅಕ್ಕಪಕ್ಕದ ಕಟ್ಟಿಂಗ್‌ಗಳನ್ನು ಮುಚ್ಚಿ, ಒಂದನ್ನು ಮಾತ್ರ ಬಲ ತಿರುವಿನ ಪ್ರತ್ಯೇಕ ಲೇನಿನೊಂದಿಗೆ ಉಳಿಸಿಕೊಳ್ಳಬಹುದು. ಈ ಕ್ರಮ ತಲೆಕೆಳಗಾದರೆ ಜನರು ರಾಂಗ್ ಸೈಡಿನಲ್ಲಿ ಬರುತ್ತಾರೆ, ಅದು ಕಟ್ಟಿಂಗ್‌ಗಿಂತ ಅಪಾಯ. ಅಂಡರ್‌ಪಾಸ್ ಕೊನೆಯ ಹಂತ. ಅದಕ್ಕೆ ಬೇಡಿಕೆ ಇಡುವಾಗ ಠಾಣೆಯ ಅಪಘಾತ ದಾಖಲೆಗಳನ್ನು ಸೇರಿಸಿ ಜಿಲ್ಲಾಧಿಕಾರಿಗಳ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿ. 500 ಮೀಟರ್ ಉದ್ದದೊಳಗೆ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾಗಿದ್ದರೆ, ಇಲ್ಲವೇ 10 ಸಾವುಗಳಾಗಿದ್ದರೆ, ಅದು ಬ್ಲ್ಯಾಕ್ ಸ್ಪಾಟ್.

ಹೋಟೆಲ್ ಮಾಲೀಕರು: ನಮ್ಮ ಹೋಟೆಲಿನ ಎದುರು ನೇರ ಪ್ರವೇಶ ಪಡೆಯಬಹುದೇ?

ಎಂಜಿನಿಯರ್: 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯಂತೆ ಅನುಮತಿ ಇಲ್ಲದೆ ಯಾರಿಗೂ ಪ್ರವೇಶದ ಹಕ್ಕಿಲ್ಲ. ಅರ್ಜಿ ಹಾಕಿ.

ಸದಸ್ಯ: ಫಾರ್ವರ್ಡ್ ಆಗಿ ಬಂದದ್ದು: "ಗ್ರಾಮಸಭೆ ನಿರ್ಣಯ ಮಾಡಿದರೆ 30 ದಿನಗಳಲ್ಲಿ ಡಿವೈಡರ್ ತೆರೆಯಲೇಬೇಕು. ಅಲ್ಲಿಯವರೆಗೆ ಕಲ್ಲುಮಣ್ಣಿನ ಹಂಪ್ ಹಾಕಿ." ನಿಜವೇ?

ಎಂಜಿನಿಯರ್: ಅಂಥ ಕಾನೂನಿಲ್ಲ. ಗ್ರಾಮಸಭೆಯ ನಿರ್ಣಯ ನಿಮ್ಮ ಬೇಡಿಕೆಗೆ ಬಲ ಕೊಡುತ್ತದೆ, ಪ್ರಾಧಿಕಾರಕ್ಕೆ ಆದೇಶವಾಗುವುದಿಲ್ಲ. ಹಂಪಿನ ವಿಷಯದಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ: ಮಳೆಯ ರಾತ್ರಿ ಬೈಕಿನಲ್ಲಿ ಬರುವ ನಿಮ್ಮದೇ ಊರಿನ ಹುಡುಗನ ತಲೆ ಒಡೆದರೆ, ಈ ಸಂದೇಶ ಬರೆದವನು ಆಸ್ಪತ್ರೆಗೆ ಬರುವುದಿಲ್ಲ.

ಆಟೋ ಚಾಲಕ: ಕಟ್ಟಿಂಗ್ ಮುಚ್ಚಿದರೆ ನಾವು ಒಂದೂವರೆ ಕಿಲೋಮೀಟರ್ ಸುತ್ತಬೇಕು. ಪೆಟ್ರೋಲಿಗೆ ಎಂಜಿನಿಯರರು ಹಣ ಕೊಡುತ್ತಾರೆಯೇ?

ಅಂಗಡಿಯವರು: ಸರ್ವಿಸ್ ರಸ್ತೆ ಮಾಡಿದರೆ ನನ್ನ ಅಂಗಡಿಯ ಅಂಗಳವೇ ಹೋಗುತ್ತದೆ. ಮೊದಲು ಆಟೋಗಳು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಲ್ಲುವುದು ತಪ್ಪಲಿ.

ಆಟೋ ಚಾಲಕ: ಯಾವ ಅಂಗಳ? ನೀವು ತಗಡಿನ ಮಾಡು ಇಳಿಸಿರುವುದು ಹೆದ್ದಾರಿಯ ಜಾಗದ ಮೇಲೆಯೇ ಎಂದು ಇಡೀ ಊರಿಗೆ ಗೊತ್ತಿದೆ.

ಅಂಗಡಿಯವರು: ದಾಖಲೆ ತೋರಿಸಿ, ಆಮೇಲೆ ಮಾತನಾಡಿ.

ಮಲ್ಪೆಯ ಸದಸ್ಯ: ಹೆದ್ದಾರಿ 169ಎಗೂ ಇದೇ ನಿಯಮಗಳೇ?

ಇನ್ನೊಬ್ಬ ಸದಸ್ಯ: ಡಿವೈಡರ್ ತೆರೆಸಲು ಗ್ರಾಮಸಭೆಯ ನಿರ್ಣಯ ಸಾಕೇ?

ಎಂಜಿನಿಯರ್: ಮೇಲೆ ಓದಿ.

ಅಂಗಡಿಯವರು: ನಿವೃತ್ತರಾದವರಿಗೆ ಉಪದೇಶ ಸುಲಭ. ಅಧಿಕಾರದಲ್ಲಿದ್ದಾಗ ಎಷ್ಟು ಸರ್ವಿಸ್ ರಸ್ತೆ ಮಾಡಿಸಿದಿರಿ?

ಎಂಜಿನಿಯರ್: ಬೇಕಾದುದಕ್ಕಿಂತ ಕಡಿಮೆ. ಅಂಗಡಿಯ ಮಾಡು ತೆಗೆಯಲೊಪ್ಪದವರು ಆಗಲೂ ಇದ್ದರು. ಜಮೀನು ನಿಮ್ಮದೇ ಆಗಿದ್ದರೆ 1956ರ ಕಾಯ್ದೆಯಂತೆ ಪರಿಹಾರ ಸಿಗುತ್ತದೆ. ಸರ್ವೆ ನಕ್ಷೆ ತೆಗೆಸಿ ನೋಡಿಕೊಳ್ಳಿ. ಈ ಜಗಳಕ್ಕೆ ನಾನು ಮತ್ತೆ ಉತ್ತರಿಸುವುದಿಲ್ಲ.

ಶಿಕ್ಷಕಿ: ಭಾನುವಾರ ಅಳೆದೆವು, 70 ಮೀಟರ್ ಮಾತ್ರ ಕಾಣುತ್ತದೆ. ಗೋಡೆ ತಗ್ಗಿಸಲು ಮಾಲೀಕರು ಒಪ್ಪಿದ್ದಾರೆ, ಆದರೆ ಅದರ ಹಿಂದಿನ ಮಲ್ಲಿಗೆ ಗಿಡಗಳನ್ನು ಕೀಳಬಾರದು ಎನ್ನುತ್ತಾರೆ.

ಎಂಜಿನಿಯರ್: 70 ಮೀಟರ್ ಎಂದರೆ ಮೂರು ಸೆಕೆಂಡುಗಳು. ಗೋಡೆ ತಗ್ಗುವವರೆಗೆ ಶಾಲೆ ಬಿಡುವ ಹೊತ್ತಿನಲ್ಲಿ ಅಲ್ಲಿ ಪೊಲೀಸರನ್ನು ನಿಲ್ಲಿಸುವಂತೆ ನಾಳೆಯೇ ಠಾಣೆಗೆ ಪತ್ರ ಕೊಡಿ. ಮಲ್ಲಿಗೆಯನ್ನು ಎರಡು ಅಡಿ ಮೀರದಂತೆ ಸವರಿಕೊಂಡರೆ ಇರಲಿ. ಗೋಡೆ ಇಳಿದ ಮೇಲೆ ಮತ್ತೊಮ್ಮೆ ಅಳೆದು ಅಂಕಿಯನ್ನು ಇಲ್ಲಿ ಬರೆಯಿರಿ.