ಅಪ್‌ಡೇಟ್: ಕಸೂತಿ ಕೊನೆಗೂ ಶುರುವಾಯಿತು

ಚಿತ್ರ ಬರೆಯಲು ಬಾರದವಳು ಧಾರವಾಡದ ಕಸೂತಿ ಹಾಕಬಹುದಾ, ಬಟ್ಟೆ, ದಾರ ಎಲ್ಲ ತಂದು ಕಪಾಟಿನಲ್ಲೇ ಇಟ್ಟಿದ್ದೇನೆ ಅಂತ ಹಿಂದೆ ಕೇಳಿದ್ದೆನಲ್ಲ, ಈಗ ಸೂಜಿ ಹಿಡಿದಿದ್ದೇನೆ. ನಿಮ್ಮಲ್ಲೊಬ್ಬರು ಹೇಳಿದ ಮಾತೇ ಕೆಲಸ ಮಾಡಿತು: ಕಸೂತಿಗೆ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದೇ ಇಲ್ಲ, ಎಳೆ ಎಣಿಸಿ ಹಾಕುವುದು. ಅಲ್ಲಿಗೆ ನನ್ನ ದೊಡ್ಡ ನೆಪ ಹೋಯಿತು! ಗೋಪುರ, ತೇರಿನಂಥ ವಿನ್ಯಾಸ ಎಲ್ಲ ಆಮೇಲೆ ನೋಡೋಣ ಅಂತ, ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ಚೂರಿನ ಮೇಲೆ ಸುಮ್ನೆ ಗವಂತಿ ಅನ್ನೋ ನೇರ ಹೊಲಿಗೆ ಹಾಕುತ್ತಿದ್ದೇನೆ. ಹೋಗುವಾಗ ಬಿಟ್ಟ ಜಾಗವನ್ನು ವಾಪಸ್ ಬರುವಾಗ ತುಂಬಬೇಕು, ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ಥರ ಕಾಣಬೇಕು. ಎಣಿಸುತ್ತಾ ಕೂತರೆ 'ಚೆನ್ನಾಗಿ ಬರುತ್ತಾ' ಅಂತ ಯೋಚಿಸಲು ಪುರುಸೊತ್ತೇ ಸಿಗುವುದಿಲ್ಲ. ಇನ್ನು ಮುರ್ಗಿ ಅನ್ನೋ ಅಂಕುಡೊಂಕು ಹೊಲಿಗೆ ಕಲಿಯಬೇಕು. ಇಳಕಲ್ ಸೀರೆಗೆ ಕೈ ಹಾಕುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.