ಹೇಗೂ ಎಲ್ಲರಿಗೂ ಬಂತು. ಕೊರೊನಾ ಹರಡುವುದನ್ನು ನಿಧಾನ ಮಾಡಿ ಸಾಧಿಸಿದ್ದೇನು?

ಅರಳಿಕಟ್ಟೆ (ಪ್ರಶ್ನೆ)

ಜಗಳಕ್ಕಲ್ಲ, ಲೆಕ್ಕ ಅರ್ಥವಾಗಲಿ ಅಂತ ಕೇಳುತ್ತಿದ್ದೇನೆ. 2020ರ ಮಾರ್ಚ್‌ನಲ್ಲಿ ಎಲ್ಲೆಡೆ ಓಡಾಡಿದ, ದಿನದಿನದ ಸೋಂಕಿತರ ಸಂಖ್ಯೆ ತೋರಿಸುವ ಚಿತ್ರ ನೆನಪಿರಬಹುದು. ಒಂದು ಕಡಿದಾದ ಗುಡ್ಡ, ಪಕ್ಕದಲ್ಲಿ ತಗ್ಗಾದ ಅಗಲ ದಿಬ್ಬ, ಅಡ್ಡಲಾಗಿ ಆಸ್ಪತ್ರೆಗಳ ಸಾಮರ್ಥ್ಯದ ಗೆರೆ. ಗುಡ್ಡದ ಮಣ್ಣು, ದಿಬ್ಬದ ಮಣ್ಣು ಎರಡೂ ಹೆಚ್ಚುಕಡಿಮೆ ಒಂದೇ ಅಳತೆ. ಅಂದರೆ ಸೋಂಕು ತಗಲುವವರ ಒಟ್ಟು ಸಂಖ್ಯೆ ಅಷ್ಟೇ, ತಗಲುವ ದಿನ ಮಾತ್ರ ಮುಂದೆ ಹೋಗುತ್ತೆ. ಐಸಿಎಂಆರ್‌ನ 2021ರ ಜೂನ್–ಜುಲೈ ಸಮೀಕ್ಷೆಯಲ್ಲೇ ಶೇ 67.6ರಷ್ಟು ಜನರಲ್ಲಿ ಪ್ರತಿಕಾಯ ಸಿಕ್ಕಿತ್ತು. ಆಮೇಲೆ ಒಮಿಕ್ರಾನ್ ಉಳಿದವರ ಮನೆಗೂ ಹೋಗಿಬಂತು.

ಎರಡು ಪ್ರಶ್ನೆ. ಒಂದು, ಒಟ್ಟು ಸಂಖ್ಯೆ ಅಷ್ಟೇ ಆಗುವುದಾದರೆ ಎಳೆದಾಡಿದ್ದು ಯಾಕೆ? ಎರಡು, ವಯಸ್ಸಾದವರನ್ನಷ್ಟೇ ಮನೆಯಲ್ಲಿ ಕಾಪಾಡಿ, ಉಳಿದವರಿಗೆ ಬರಲಿ ಅಂತ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ?

ಗುಣಾಕಾರ

ಆ ಚಿತ್ರವೇ ನಿಮ್ಮನ್ನು ದಾರಿ ತಪ್ಪಿಸಿದೆ ಸರ್. ಎರಡರ ಮಣ್ಣು ಒಂದೇ ಅಲ್ಲ.

ಮೊದಲ ತಳಿಯಲ್ಲಿ ಒಬ್ಬ ಸೋಂಕಿತ ಸರಾಸರಿ ಎರಡೂವರೆ ಜನರಿಗೆ ದಾಟಿಸುತ್ತಿದ್ದ ಅಂತಿಟ್ಟುಕೊಳ್ಳಿ. ಇದೇ ಆರ್, ಅಂದರೆ 2.5. ಹರ್ಡ್ ಇಮ್ಯೂನಿಟಿಯ ಗೆರೆ, ಅಂದರೆ ಇಷ್ಟು ಜನರಿಗೆ ನಿರೋಧಕ ಶಕ್ತಿ ಬಂದರೆ ಸೋಂಕು ತಾನಾಗಿ ಇಳಿಯತೊಡಗುವ ಮಟ್ಟ, ಸಿಗುವುದು 1 − 1/ಆರ್ ಸೂತ್ರದಿಂದ, ಅಂದರೆ ಶೇ 60. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ, 'ಶೇ 60 ಆದ ಮೇಲೆ ಮುಗೀತು' ಅಂದುಕೊಂಡು. ಆದರೆ ಬಿಟ್ಟುಬಿಟ್ಟ ಅಲೆಯಲ್ಲಿ ಶೇ 60 ಮುಟ್ಟುವ ದಿನವೇ ಅಲೆಯ ನೆತ್ತಿ. ಆ ದಿನ ಊರಿನ ಶೇ 23ರಷ್ಟು ಜನ ಏಕಕಾಲಕ್ಕೆ ಸೋಂಕಿತರಾಗಿರುತ್ತಾರೆ. ಅವರು ಇನ್ನೂ ಹಂಚುತ್ತಲೇ ಇರುತ್ತಾರೆ, ಒಬ್ಬನಿಂದ ಒಬ್ಬನಿಗಿಂತ ಕಡಿಮೆ ಎಂಬುದಷ್ಟೇ ವ್ಯತ್ಯಾಸ. ಚಾರ್ಮಾಡಿ ಇಳಿಜಾರಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಮಾತ್ರಕ್ಕೆ ಲೋಡ್ ಲಾರಿ ನಿಲ್ಲುತ್ತದೆಯೇ? ಅಲೆ ನಿಲ್ಲುವ ಹೊತ್ತಿಗೆ ಶೇ 89 ಜನರಿಗೆ ತಗಲಿರುತ್ತದೆ. ಬೇಕಿದ್ದದ್ದು 60, ಆಗಿದ್ದು 89.

ಒಂದು ಲಕ್ಷ ಜನರ ತಾಲ್ಲೂಕು ಕೇಂದ್ರ ತೆಗೆದುಕೊಳ್ಳೋಣ. ಒಬ್ಬ ಆರು ದಿನ ಹರಡುತ್ತಾನೆ, ನೂರಕ್ಕೆ ಇಬ್ಬರಿಗೆ ಆಸ್ಪತ್ರೆ ಬೇಕು, ಒಬ್ಬರು ಹತ್ತು ದಿನ ಹಾಸಿಗೆ ಹಿಡಿಯುತ್ತಾರೆ. ಇವು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು, ನೀವು ಬದಲಿಸಿಕೊಂಡು ನೋಡಬಹುದು.

ಆರ್ 2.5 ಆಗಿ ಬಿಟ್ಟುಬಿಟ್ಟರೆ: ನೆತ್ತಿಯಲ್ಲಿ 23,300 ಜನ ಒಟ್ಟಿಗೆ ಸೋಂಕಿತರು, ದಿನಕ್ಕೆ ಸುಮಾರು 3,900 ಹೊಸಬರು, 78 ದಾಖಲಾತಿ. ಹಾಸಿಗೆ 700ರ ಆಸುಪಾಸು ಬೇಕು.

ಆರ್ 1.5ಕ್ಕೆ ಇಳಿಸಿದರೆ: ನೆತ್ತಿಯಲ್ಲಿ 6,300 ಜನ, ದಿನಕ್ಕೆ 1,050 ಹೊಸಬರು, 21 ದಾಖಲಾತಿ, ಸುಮಾರು 200 ಹಾಸಿಗೆ. ಒಟ್ಟು ತಗಲುವುದು 58,000 ಜನರಿಗೆ.

ತಾಲ್ಲೂಕು ಆಸ್ಪತ್ರೆ ಎಂದರೆ ಸಾಮಾನ್ಯವಾಗಿ 100 ಹಾಸಿಗೆ, ಅದರಲ್ಲಿ ಹೆರಿಗೆಯವರೂ ಇದ್ದಾರೆ. 200 ಎಂದರೆ ಹಾಸ್ಟೆಲ್, ಕಲ್ಯಾಣ ಮಂಟಪ ಸೇರಿಸಿ ಹೇಗೋ ತೂಗಿಸಬಹುದು. 700 ಎಂದರೆ ಕೈಚೆಲ್ಲಿದಂತೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಈ ಎರಡನೇ ಲೆಕ್ಕದಲ್ಲಿದೆ. 58,000 ಜನರಿಗೆ ತಗಲಿ ಅಲೆ ಇಳಿದ ಮೇಲೆ ನಿರ್ಬಂಧ ಪೂರ್ತಿ ತೆಗೆದರೂ ಶೇ 60ರ ಗೆರೆ ಪಕ್ಕದಲ್ಲೇ ಇರುವುದರಿಂದ ದೊಡ್ಡ ಹೊಸ ಅಲೆ ಏಳುವುದಿಲ್ಲ. ಲಸಿಕೆ ಎಂಬುದು ಹುಟ್ಟಿಯೇ ಇಲ್ಲ ಅಂದುಕೊಂಡರೂ 30,000ಕ್ಕೂ ಹೆಚ್ಚು ಜನ ಆ ಅಲೆಯಿಂದ ಪೂರ್ತಿ ತಪ್ಪಿಸಿಕೊಂಡರು. ಇನ್ನೂ ಬಿಗಿ ಮಾಡಿ 1.2ಕ್ಕೆ ತಂದರೆ 31,000ಕ್ಕೇ ಅಲೆ ಇಳಿಯುತ್ತದೆ. ಆದರೆ ಆಗ ಬಾಗಿಲು ತೆರೆದರೆ ಮತ್ತೆ ಏಳುವುದು ಖಂಡಿತ, ಗೆರೆ ದೂರದಲ್ಲಿದೆ. ಕರ್ನಾಟಕದ 2020ರ ಸೆಪ್ಟೆಂಬರ್ ಸಮೀಕ್ಷೆಯಲ್ಲಿ ಸೋಂಕು ಮುಟ್ಟಿದ್ದವರು ಸುಮಾರು ಶೇ 27 ಮಾತ್ರ. ಮೊದಲ ಅಲೆ ಇಳಿದಾಗ 'ನಮಗೆ ಹರ್ಡ್ ಇಮ್ಯೂನಿಟಿ ಬಂತು' ಎಂದವರು ಈ ಅಂಕಿ ನೋಡಿರಲಿಲ್ಲ. ಆ ಶೇ 60 ಕೂಡ ಹಳೆಯ ತಳಿಯ ಗೆರೆ. ಡೆಲ್ಟಾ ಬಂದಾಗ ಗೆರೆಯೇ ಶೇ 80ರ ಮೇಲೆ ಹೋಯಿತು.

ಏಳನೇ ವಾರ್ಡ್

ಹಾಸಿಗೆ ಲೆಕ್ಕ ಸರಿ ಇದೆ, ಆದರೆ ಮೊದಲು ಮುಗಿಯುವುದು ಮಂಚವಲ್ಲ, ಆಮ್ಲಜನಕ.

ಜಂಬೊ ಸಿಲಿಂಡರ್‌ನಲ್ಲಿ ಸುಮಾರು 7 ಘನ ಮೀಟರ್, ಅಂದರೆ 7,000 ಲೀಟರ್ ಅನಿಲ. ಮಾಸ್ಕ್‌ನಲ್ಲಿ ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಹನ್ನೊಂದೂವರೆ ಗಂಟೆ. ಒಬ್ಬ ರೋಗಿಗೆ ದಿನಕ್ಕೆ ಎರಡು ಸಿಲಿಂಡರ್. ಹೈ ಫ್ಲೋ ಯಂತ್ರ ಹಾಕಿ 60 ಲೀಟರ್‌ಗೆ ಏರಿಸಿದರೆ ಅದೇ ಸಿಲಿಂಡರ್ ಎರಡು ಗಂಟೆಯೂ ಬರಲ್ಲ, ದಿನಕ್ಕೆ ಹನ್ನೆರಡು ಬೇಕು. ಅಂದರೆ ಒಂದು ಹೈ ಫ್ಲೋ ಯಂತ್ರ ಆರು ಸಾಮಾನ್ಯ ರೋಗಿಗಳ ಗಾಳಿ ಕುಡಿಯುತ್ತೆ. ಯಾರಿಗೆ ಹಾಕಬೇಕು ಅನ್ನುವುದು ಅಲ್ಲಿಂದ ವೈದ್ಯಕೀಯ ಪ್ರಶ್ನೆಯಾಗಿ ಉಳಿಯಲ್ಲ.

ದ್ರವ ಆಮ್ಲಜನಕ ಒಂದು ಟನ್ ಆವಿಯಾದರೆ ಹತ್ತಿರಹತ್ತಿರ 700 ಘನ ಮೀಟರ್, ನೂರು ಜಂಬೊ ಲೆಕ್ಕ. 2021ರ ಮೇನಲ್ಲಿ ರಾಜ್ಯದ ಪಾಲು ದಿನಕ್ಕೆ 965 ಟನ್ ಇತ್ತು. ಅದನ್ನು 1,200 ಟನ್‌ಗೆ ಏರಿಸಿ ಅಂತ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. 1,200 ಟನ್ ಅಂದರೆ ನಿಮಿಷಕ್ಕೆ 10 ಲೀಟರ್‌ನಂತೆ ಸುಮಾರು 58,000 ರೋಗಿಗಳು. ಅದೂ ಒಂದು ಹನಿ ಸೋರದೆ, ಟ್ಯಾಂಕರ್ ದಾರಿಯಲ್ಲಿ ನಿಲ್ಲದೆ ಇದ್ದರೆ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರಲ್ಲ. ಟ್ಯಾಂಕ್ ತುಂಬಿದ್ದರೂ ಗಾಳಿ ಬಾರದೇ ಹೋಗಬಹುದು. ದ್ರವವನ್ನು ಅನಿಲ ಮಾಡುವ ವೇಪೊರೈಸರ್ ಸುತ್ತಲಿನ ಗಾಳಿಯ ಶಾಖದಿಂದ ಕೆಲಸ ಮಾಡುತ್ತೆ. ಅದರ ಅಳತೆ ಮೀರಿ ಎಳೆದರೆ ರೆಕ್ಕೆಗಳ ಮೇಲೆ ಹಿಮ ಕಟ್ಟಿ ಅನಿಲ ಕಡಿಮೆಯಾಗುತ್ತೆ. ಪೈಪಿನ ಒತ್ತಡ 4 ಬಾರ್‌ನಿಂದ ಇಳಿಯುತ್ತೆ, ಕೊನೆಯ ವಾರ್ಡಿನ ಹಾಸಿಗೆಗಳಿಗೆ ಮೊದಲು ಪೆಟ್ಟು. ಬ್ರೆಜಿಲ್‌ನ ಮನೌಸ್‌ನಲ್ಲಿ 2021ರ ಜನವರಿ 14ರಂದು ಆಮ್ಲಜನಕವೇ ಖಾಲಿಯಾಯಿತು. ಆ ದಿನ ಸತ್ತವರಲ್ಲಿ ಆಮ್ಲಜನಕ ಸಿಗುವ ಕಾಲದಲ್ಲಿ ಸೋಂಕು ತಗಲಿದ್ದರೆ ಬದುಕುವವರಿದ್ದರು. 'ದಿನ ಮಾತ್ರ ಮುಂದೆ ಹೋಗುತ್ತೆ' ಅಂದಿರಲ್ಲ, ಆ ದಿನದ ಬೆಲೆ ಇದು.

ಹೊರೆಗಣ್ಣು

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಒಂದೇ ತಕ್ಕಡಿಯ ಲೆಕ್ಕ. ನಿಧಾನ ಮಾಡುವುದಕ್ಕೂ ಸಾವಿನ ಲೆಕ್ಕ ಇದೆ.

ದೇಶದಲ್ಲಿ 2019ರಲ್ಲಿ 24.04 ಲಕ್ಷ ಕ್ಷಯ ರೋಗಿಗಳು ನೋಂದಣಿಯಾಗಿದ್ದರು. 2020ರಲ್ಲಿ 18.05 ಲಕ್ಷ. ಕ್ಷಯ ಕಡಿಮೆಯಾಗಲಿಲ್ಲ, ಕಫ ಪರೀಕ್ಷೆ ಕಡಿಮೆಯಾಯಿತು. ಆರು ಲಕ್ಷ ಜನ ಔಷಧಿಯಿಲ್ಲದೆ ಮನೆಯಲ್ಲೇ ಕೆಮ್ಮುತ್ತ ಮನೆಯವರಿಗೂ ಹಂಚಿದರು. 2020ರ ಮಾರ್ಚ್ 24ರ ರಾತ್ರಿ 8ಕ್ಕೆ ಘೋಷಣೆ, 12ಕ್ಕೆ ಜಾರಿ. ನಾಲ್ಕು ಗಂಟೆಯಲ್ಲಿ ಕೂಲಿಯವನು ಏನು ಮಾಡಬೇಕಿತ್ತು? ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಬಾರ್ ತೆರೆದು ಎಷ್ಟೋ ಕಾಲವಾದ ಮೇಲೆ. ವಠಾರ, ಗುಡಿಯ ಅಂಗಳದಲ್ಲಿ ನಡೆಯುತ್ತಿದ್ದ ವಿದ್ಯಾಗಮ ಪಾಠಗಳನ್ನೂ 2020ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಬಯಲಲ್ಲಿ ಸೋಂಕು ಹರಡುವುದು ಒಳಕೋಣೆಗಿಂತ ತೀರಾ ಕಡಿಮೆ. ಆ ಯೋಜನೆಯನ್ನು ಸರಿಪಡಿಸಬಹುದಿತ್ತು.

ಸ್ವೀಡನ್ ಹೆಸರು ಯಾರಾದರೂ ಎತ್ತುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ 'ಬಿಟ್ಟುಬಿಡಲಿಲ್ಲ'. 2020ರ ಮಾರ್ಚ್ ಕೊನೆಯಿಂದ 50ಕ್ಕಿಂತ ಹೆಚ್ಚು ಜನ ಸೇರುವಂತಿರಲಿಲ್ಲ, ನವೆಂಬರ್‌ನಲ್ಲಿ ಅದು 8ಕ್ಕೆ ಇಳಿಯಿತು. ಕಾಲೇಜು ಆನ್‌ಲೈನ್, ಚಿಕ್ಕ ಮಕ್ಕಳ ಶಾಲೆ ತೆರೆದೇ ಇತ್ತು. ಮನೆಯಿಂದ ಕೆಲಸ ಮಾಡುವ ನೌಕರಿ, ಒಂಟಿಯಾಗಿ ವಾಸಿಸುವವರ ಪ್ರಮಾಣ ಎರಡೂ ಅಲ್ಲಿ ಜಾಸ್ತಿ. 2020ರಲ್ಲಿ ನಾರ್ವೆ, ಫಿನ್ಲೆಂಡ್‌ಗಿಂತ ಬಹಳ ಹೆಚ್ಚು ಜನ ಸತ್ತರು. ಆದರೆ ಮೂರು ವರ್ಷದ ಹೆಚ್ಚುವರಿ ಸಾವು ಒಟ್ಟು ಮಾಡಿದರೆ ಯುರೋಪಿನಲ್ಲಿ ಕಡಿಮೆ ಇರುವ ದೇಶಗಳ ಸಾಲಿನಲ್ಲಿದೆ. ಎರಡೂ ನಿಜ. ಒಂದನ್ನೇ ಹೇಳುವವರನ್ನು ನಂಬಬೇಡಿ.

ನನ್ನ ತಕರಾರು ಇಷ್ಟು: ನಿಧಾನಿಸುವುದು ಎಂದರೆ ಲಾಕ್‌ಡೌನ್ ಎಂದು ನಾವೆಲ್ಲ ಒಪ್ಪಿಕೊಂಡೆವು. ಲಾಕ್‌ಡೌನ್ ಎಂದರೆ ಬೇರೆಲ್ಲ ಬ್ರೇಕ್ ಫೇಲಾದಾಗ ಎಳೆಯುವ ಚೈನು.

ಅರಳಿಕಟ್ಟೆ

ಧನ್ಯವಾದ ಎಲ್ಲರಿಗೂ. 60 ಮತ್ತು 89ರ ವ್ಯತ್ಯಾಸ ನನಗೆ ಹೊಸದು. ಎರಡನೇ ಪ್ರಶ್ನೆ ಉಳಿಯಿತು. 2020ರ ಅಕ್ಟೋಬರ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಘೋಷಣೆಯವರು ಇದನ್ನೇ ಹೇಳಿದ್ದರಲ್ಲ? ಅವರು ಮೂವರೂ ದೊಡ್ಡ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು.

ಗುಣಾಕಾರ

ವಯಸ್ಸಿನ ಅಂತರದ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ. ಲಸಿಕೆ ಇಲ್ಲದ ದಿನಗಳ ಅಂದಾಜಿನಲ್ಲಿ ಸೋಂಕು ತಗಲಿದವರ ಪೈಕಿ ಸಾಯುವವರು 25ನೇ ವಯಸ್ಸಲ್ಲಿ ಹತ್ತು ಸಾವಿರಕ್ಕೆ ಒಬ್ಬರು, 55ರಲ್ಲಿ ಸಾವಿರಕ್ಕೆ ನಾಲ್ವರು, 75ರಲ್ಲಿ ನೂರಕ್ಕೆ ನಾಲ್ಕೈದು, 85ರಲ್ಲಿ ನೂರಕ್ಕೆ ಹದಿನೈದು. ಇಷ್ಟು ಕಡಿದಾದ ಏಣಿ ಬೇರೆ ಕಾಯಿಲೆಗಳಲ್ಲಿ ಅಪರೂಪ.

ಎಡವಿದ್ದು 'ಹೇಗೆ' ಎಂಬಲ್ಲಿ. ಊರಲ್ಲಿ ನೂರಕ್ಕೆ 23 ಜನ ಏಕಕಾಲಕ್ಕೆ ಸೋಂಕಿತರಾಗಿರುವಾಗ ಅಜ್ಜಿಗೆ ಊಟ ಕೊಡುವ ಸೊಸೆ, ಮಾತ್ರೆ ತರುವ ಮೊಮ್ಮಗ, ಡಯಾಲಿಸಿಸ್‌ಗೆ ಕರೆದೊಯ್ಯುವ ಆಟೊದವನು, ಇವರಲ್ಲಿ ಒಬ್ಬರಾದರೂ ಆ 23ರಲ್ಲಿ ಇರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಲಕ್ಷಣ ಕಾಣುವ ಒಂದೆರಡು ದಿನ ಮುಂಚೆಯೇ ಹರಡುವ ರೋಗ ಇದು. 2003ರ ಸಾರ್ಸ್ ಹಾಗಿರಲಿಲ್ಲ. ಜ್ವರ ಜೋರಾದ ಮೇಲೆ ಹರಡುತ್ತಿದ್ದದ್ದರಿಂದ 8,098 ಪ್ರಕರಣಕ್ಕೇ ಕಟ್ಟಿಹಾಕಲು ಆಯಿತು. ಸ್ವೀಡನ್ನಿನವರು 2020ರ ಏಪ್ರಿಲ್ 1ರಿಂದಲೇ ವೃದ್ಧಾಶ್ರಮಗಳಿಗೆ ಭೇಟಿ ನಿಷೇಧಿಸಿದ್ದರು. ಆದರೂ ಅಲ್ಲಿಗೆ ಸೋಂಕು ನುಗ್ಗಿತು. ವಯಸ್ಸಾದವರನ್ನು ಕಾಪಾಡುವುದರಲ್ಲಿ ಸೋತೆವು ಎಂದು ಅವರದೇ ಆಯೋಗ ಬರೆದಿದೆ. ಸುತ್ತ ನೀರು ನಿಂತಾಗ ಒಂದು ಕೋಣೆ ಮಾತ್ರ ಒಣಗಿರಲಿ ಅಂದರೆ ಆಗುವ ಮಾತಲ್ಲ. ಹೊರಗಿನ ನೀರು ಇಳಿಸಿದಷ್ಟೂ ಆ ಕೋಣೆ ಕಾಯುವುದು ಸುಲಭ.

ಇನ್ನು ಮನೌಸ್. 2020ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ಶೇ 76ರಷ್ಟು ಜನರಿಗೆ ಸೋಂಕು ಆಗಿಹೋಗಿದೆ ಎಂದು ರಕ್ತದಾನಿಗಳ ಮಾದರಿಯಿಂದ ಅಂದಾಜು ಮಾಡಿದ್ದರು. ಬಿಟ್ಟುಬಿಟ್ಟು ನೋಡುವ ಪ್ರಯೋಗಕ್ಕೆ ಇದಕ್ಕಿಂತ ಹತ್ತಿರದ ಊರು ಇನ್ನೊಂದಿಲ್ಲ. ಮೂರು ತಿಂಗಳಲ್ಲಿ ಗಾಮಾ ತಳಿ ಬಂತು, ಎರಡನೇ ಅಲೆ ಮೊದಲಿನದನ್ನೂ ಮೀರಿಸಿತು. ಆ 76 ತುಸು ಹೆಚ್ಚಾಯಿತು ಎಂದು ವಾದಿಸುವವರಿದ್ದಾರೆ. ಪ್ರತಿಕಾಯ ಕರಗಿದ್ದು, ತಳಿ ಬದಲಾದದ್ದು ಎರಡೂ ಕೂಡಿಕೊಂಡವು ಎಂಬುದರಲ್ಲಿ ತಕರಾರಿಲ್ಲ.

ಏಳನೇ ವಾರ್ಡ್

ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2021ರ ಮೇ 5: ರಾಜ್ಯದಲ್ಲಿ 50,112 ಹೊಸ ಪ್ರಕರಣ, ಅಂದಿನ ಬುಲೆಟಿನ್‌ನಲ್ಲಿ 346 ಸಾವು. 2022ರ ಜನವರಿ 23: 50,210 ಪ್ರಕರಣ, 19 ಸಾವು. ಒಮಿಕ್ರಾನ್ ಸ್ವಲ್ಪ ಸೌಮ್ಯ, ಬಹಳ ಜನರಿಗೆ ಮುಂಚೆಯೇ ಡೆಲ್ಟಾ ಆಗಿತ್ತು, ನಿಜ. ದೊಡ್ಡ ಪಾಲು ಲಸಿಕೆಯದು. 'ಎಲ್ಲರಿಗೂ ಬಂತು' ಸರಿ, ಆದರೆ ಸೂಜಿ ಮೊದಲೋ ವೈರಸ್ ಮೊದಲೋ ಎಂಬುದರ ಮೇಲೆ ಎಲ್ಲ ನಿಂತಿದೆ.

ಔಷಧಿಯೂ ಹಾಗೇ. ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿಲಿಗ್ರಾಂ, ಹತ್ತು ದಿನದವರೆಗೆ, ಆಮ್ಲಜನಕ ಬೇಕಾದವರಿಗೆ ಮಾತ್ರ. ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ ಎಂದು ಗೊತ್ತಾದದ್ದು 2020ರ ಜೂನ್ 16ಕ್ಕೆ. ಮಾರ್ಚ್‌ನಲ್ಲಿ ಸೋಂಕು ತಗಲಿದವರಿಗೆ ಆ ಅಗ್ಗದ ಮಾತ್ರೆ ಸಿಗಲಿಲ್ಲ. (ಅದನ್ನೇ 2021ರಲ್ಲಿ ಜ್ವರದ ಮೊದಲ ದಿನದಿಂದಲೇ, ಸಕ್ಕರೆ ಕಾಯಿಲೆಯವರಿಗೂ ಮನಬಂದಂತೆ ನುಂಗಿಸಿ ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟದ್ದು ಬೇರೆ ಕಥೆ.)

ಹಾಗಂತ ಸದಾ ತಡೆಯುತ್ತಲೇ ಇರಬೇಕು ಅಂತಲ್ಲ. 2009ರ ಎಚ್1ಎನ್1 ಸೌಮ್ಯ ಎಂದು ಖಚಿತವಾದ ಮೇಲೆ ತಡೆಯುವ ಹಟ ಬಿಟ್ಟು ಗರ್ಭಿಣಿಯರು, ಉಬ್ಬಸದವರ ಚಿಕಿತ್ಸೆಗೆ ಗಮನ ಕೊಟ್ಟದ್ದು ಸರಿಯಾದ ನಿರ್ಧಾರ.

ಅರಳಿಕಟ್ಟೆ

ಕೊನೆಯದೊಂದು. ಆರ್ 1.5 ಇದೆಯೋ 1.2 ಇದೆಯೋ ಅಂತ ಒಂದು ಜಿಲ್ಲೆಯಲ್ಲಿ ತಿಳಿಯುವುದು ಹೇಗೆ?

ಗುಣಾಕಾರ

ಕ್ಯಾಲ್ಕುಲೇಟರ್ ಸಾಕು. ಈ ಏಳು ದಿನದ ಹೊಸ ಪ್ರಕರಣಗಳ ಮೊತ್ತವನ್ನು ಹಿಂದಿನ ಏಳು ದಿನದ ಮೊತ್ತದಿಂದ ಭಾಗಿಸಿ. ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಸುಮಾರು ಐದು ದಿನ ಎಂದಿಟ್ಟುಕೊಂಡು ಬಂದ ಅನುಪಾತಕ್ಕೆ 5/7ರ ಘಾತ ಹಾಕಿ. 1,000ದಿಂದ 1,400 ಆದರೆ 1.27. ಎರಡು ಪಟ್ಟಾದರೆ 1.64. ಒಂದೊಂದು ದಿನದ ಅಂಕಿ ಬೇಡ, ಭಾನುವಾರ ಪರೀಕ್ಷೆ ಕಡಿಮೆ, ಸೋಮವಾರ–ಮಂಗಳವಾರದ ವರದಿ ಸುಳ್ಳು ಸಮಾಧಾನ ಕೊಡುತ್ತದೆ.

ಪರೀಕ್ಷೆಗಳ ಸಂಖ್ಯೆ ಏರುಪೇರಾದರೆ ಈ ಲೆಕ್ಕ ಕೆಡುತ್ತದೆ. ಪಾಸಿಟಿವಿಟಿ, ಅಂದರೆ ಪರೀಕ್ಷೆಗಳಲ್ಲಿ ಸೋಂಕು ಕಂಡವುಗಳ ಪ್ರಮಾಣ, ಶೇ 5 ದಾಟಿ ಏರುತ್ತಿದ್ದರೆ ಪ್ರಕರಣಗಳ ಅಂಕಿ ಬಿಟ್ಟು ಆಸ್ಪತ್ರೆ ದಾಖಲಾತಿಗೆ ಇದೇ ಸೂತ್ರ ಹಾಕಿ. ಅದು ಒಂದು ವಾರಕ್ಕೂ ಹೆಚ್ಚು ಹಳೆಯ ಸೋಂಕಿನ ಚಿತ್ರ ಎಂಬುದು ನೆನಪಿರಲಿ. ನಾಲ್ಕು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಿದ್ದರೆ, ಇಂದು ಬ್ರೇಕ್ ಒತ್ತಿ ವಾರ್ಡಿನಲ್ಲಿ ಫಲ ಕಾಣುವ ಎರಡು ವಾರದೊಳಗೆ ದಾಖಲಾತಿ ಹನ್ನೊಂದು ಪಟ್ಟಾಗಬಹುದು. ಹಾಸಿಗೆ ಶೇ 80 ತುಂಬಲಿ, ಆಮೇಲೆ ನೋಡೋಣ ಎಂದು ಕಾದ ಜಿಲ್ಲೆಗೆ ಉಳಿದದ್ದು ಹೊರೆಗಣ್ಣು ಹೇಳಿದ ಆ ಚೈನು ಮಾತ್ರ.

ಹೊರೆಗಣ್ಣು

ಅದರ ಜೊತೆಗೆ ಇನ್ನೊಂದು. ಸೋಂಕಿತರಲ್ಲಿ ಬಹುತೇಕರು ಯಾರಿಗೂ ದಾಟಿಸುವುದಿಲ್ಲ. ಶೇ 10ರಿಂದ 20ರಷ್ಟು ಜನರಿಂದಲೇ ಶೇ 80ರಷ್ಟು ಹರಡುವಿಕೆ. ಹಾಗಾಗಿ 'ಇವನು ಯಾರಿಗೆ ಕೊಟ್ಟ' ಎಂದು ಪ್ರಾಥಮಿಕ ಸಂಪರ್ಕಿತರ ಪಟ್ಟಿ ಬರೆಯುವುದಷ್ಟೇ ಸಾಲದು, 'ಇವನಿಗೆ ಎಲ್ಲಿಂದ ಬಂತು' ಎಂದು ಹಿಂದಕ್ಕೆ ಹೋಗಬೇಕು. ಆ ಮದುವೆ, ಆ ಎಸಿ ಸಭಾಂಗಣ, ಆ ಗಾರ್ಮೆಂಟ್ಸ್ ಬಸ್ ಸಿಗುತ್ತದೆ. ಮುಚ್ಚಿದ ಜಾಗ, ಕಿಕ್ಕಿರಿದ ಜನ, ಹತ್ತಿರದ ಮಾತು: ಜಪಾನಿನವರು ಈ ಮೂರನ್ನೇ ಹಿಡಿದು ಹೊರಟರು. ನಮ್ಮಲ್ಲಿ ರಾತ್ರಿ ಕರ್ಫ್ಯೂ ಹಾಕಿ, ಹಗಲು ಅದೇ ಬಸ್ಸಿನಲ್ಲಿ ಗಾಜು ಏರಿಸಿಕೊಂಡು ಅರವತ್ತು ಜನರನ್ನು ತುಂಬಿದರು. ಒಳಗೆ ಗಾಳಿಯಾಡುತ್ತಿದೆಯೋ ಇಲ್ಲವೋ ತಿಳಿಯಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟು ನೋಡಿ: ಹೊರಗೆ 420 ಪಿಪಿಎಂ (ಹತ್ತು ಲಕ್ಷಕ್ಕೆ 420 ಭಾಗ) ಆಸುಪಾಸು ಇರುತ್ತದೆ, ತರಗತಿಯಲ್ಲಿ 800 ದಾಟಿದರೆ ಎದುರುಬದುರು ಕಿಟಕಿ ತೆಗೆಯಬೇಕು. ಒಂದೇ ಕಡೆಯ ಕಿಟಕಿ ತೆಗೆದರೆ ಗಾಳಿ ಅಷ್ಟಾಗಿ ಹಾಯುವುದಿಲ್ಲ.