ಅತ್ತೆಗೆ ಮೊದಲ ಕಂಪ್ಯೂಟರ್: 25 ಸಾವಿರದೊಳಗೆ ಯಾವುದು ತಗೊಳ್ಳಲಿ?

ಸೋದರಳಿಯ:
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ 69 ವರ್ಷ. ಪ್ರೈಮರಿ ಶಾಲೆ ಟೀಚರ್ ಆಗಿದ್ದವರು. ಈಗ ಹೊಸನಗರ ತಾಲ್ಲೂಕಿನ ಹಳ್ಳಿ ಮನೆಯಲ್ಲಿ ಒಬ್ಬರೇ ಇದ್ದಾರೆ. ಮದುವೆ, ಮುಂಜಿ, ಸೀಮಂತದಲ್ಲಿ ಹೆಂಗಸರು ಹೇಳುವ ಹಾಡುಗಳನ್ನು ನೋಟ್‌ಬುಕ್‌ಗಳ ತುಂಬ ಬರೆದಿಟ್ಟಿದ್ದಾರೆ. ಅದನ್ನೆಲ್ಲ ಟೈಪ್ ಮಾಡಿ, ಪುಸ್ತಕದ ಹಾಗೆ ಪ್ರಿಂಟ್ ಹಾಕಿಸಿ ಮನೆಯ ಹೆಣ್ಣುಮಕ್ಕಳಿಗೆ ಕೊಡಬೇಕು ಅಂತ ಆಸೆ. ಬೆಂಗಳೂರಲ್ಲಿ ಟೈಪ್ ಮಾಡಿಸಿಕೊಡ್ತೀನಿ ಅಂದೆ. "ಅವರಿಗೆ ಎಲ್ಲಿ ಎಳೆದು ಹಾಡಬೇಕು ಅಂತ ಗೊತ್ತಾಗ್ತದಾ? ನೀ ಮಿಷನ್ ತಂದುಕೊಡು, ಸಾಕು" ಅಂದರು.

ವಾಟ್ಸಾಪ್ ಚೆನ್ನಾಗಿ ಬಳಸುತ್ತಾರೆ. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಮಳೆಗಾಲದಲ್ಲಿ ಕರೆಂಟ್ ಕಥೆ ಕೇಳಬೇಡಿ, ಹೋದ ವರ್ಷ ಸಿಡಿಲಿಗೆ ಮೋಡೆಮ್ ಸುಟ್ಟಿತ್ತು. ತಂಗಿ ಟ್ಯಾಬ್ ಕೊಡಿಸು ಅಂತಾಳೆ. ಆಫೀಸಿನ ಗೆಳೆಯ ಆನ್‌ಲೈನ್‌ನಲ್ಲಿ 17 ಸಾವಿರದ ಹೊಸ ಲ್ಯಾಪ್‌ಟಾಪ್ ತೋರಿಸಿದ. 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್. ನಿಮಗೇನು ಅನ್ನಿಸುತ್ತೆ?

ಎಸ್‌ಪಿ ರೋಡ್ ಗಿರಾಕಿ:
ಆ ಲ್ಯಾಪ್‌ಟಾಪ್ ಮುಟ್ಟಬೇಡಿ. 64 ಜಿಬಿ ಅಂದರೆ ಅದು ಇಎಂಎಂಸಿ ಅನ್ನುವ ಅಗ್ಗದ ಸ್ಟೋರೇಜ್ ಚಿಪ್, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ವಿಂಡೋಸ್ ಅಪ್‌ಡೇಟ್‌ಗಳೇ ಅರ್ಧ ಜಾಗ ನುಂಗುತ್ತವೆ. ಆಮೇಲೆ ಬದಲಿಸೋಣ ಅಂದರೆ ಆಗಲ್ಲ.

ಅದೇ ದುಡ್ಡಿಗೆ ಕಂಪನಿಗಳಿಂದ ವಾಪಸ್ ಬಂದ ಪುಟ್ಟ ಡೆಸ್ಕ್‌ಟಾಪ್ ಸಿಗುತ್ತೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಯಾವುದಾದರೂ ಸರಿ. ಪ್ರೊಸೆಸರ್ ಇಂಟೆಲ್ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. 8ನೇ ಜನರೇಷನ್ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ 8ನೇ ಜನರೇಷನ್‌ನಿಂದ ಮೇಲಕ್ಕೆ ಮಾತ್ರ, ಒಂದೆರಡು ಅಪವಾದ ಬಿಟ್ಟರೆ. ಕೆಲವು ಅಂಗಡಿಯವರು 4ನೇ, 6ನೇ ಜನರೇಷನ್ ಮಿಷನ್‌ಗೆ ಹೇಗೋ 11 ತುರುಕಿ ಮಾರುತ್ತಾರೆ. ಆನ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್ ಹೆಸರು ಕಣ್ಣಾರೆ ನೋಡಿ. ಐ5-8500 ಅಂತಿದ್ದರೆ ಅಡ್ಡಗೆರೆಯ ನಂತರದ 8 ಅಂದರೆ 8ನೇ ಜನರೇಷನ್.

ನಿವೃತ್ತ ಹೈಸ್ಕೂಲ್ ಟೀಚರ್:
ನನಗೆ 72. ಇಲ್ಲಿ ಎಲ್ಲರೂ ನಮ್ಮ ಬಗ್ಗೆ ಮಾತಾಡುತ್ತೀರಿ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಪ್ರೊಸೆಸರ್ ಮಾತು ಆಮೇಲೆ. ಮೊದಲು ಪರದೆಗೆ ದುಡ್ಡು ಹಾಕಿ. ನನ್ನ ಮಗ ಕೊಡಿಸಿದ 14 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಕನ್ನಡದ ಒತ್ತಕ್ಷರ ಇರುವೆ ಸಾಲಿನಂತೆ ಕಾಣುತ್ತಿತ್ತು. ಇಂಗ್ಲಿಷ್ ಓದಬಹುದು, ಆದರೆ ‘ಷ್ಟ್ರ’ ಯಾವುದು ‘ಷ್ಟ’ ಯಾವುದು ಅಂತ ಗೊತ್ತಾಗಬೇಕಲ್ವಾ? 24 ಇಂಚಿನ ಮಾನಿಟರ್ ತಗೊಂಡು, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ 125 ಪರ್ಸೆಂಟ್ ಮಾಡಿ. ತಂತಿ ಇರುವ ಸಾದಾ ಮೌಸ್ ಕೊಡಿ. ಡಬಲ್ ಕ್ಲಿಕ್ ವೇಗ ಕಡಿಮೆ ಮಾಡಿ, ಬಾಣದ ಗುರುತು ದೊಡ್ಡದು ಮಾಡಿ. ನನ್ನಂಥವರ ಒಣ ಬೆರಳಿಗೆ ಟಚ್‌ಪ್ಯಾಡ್ ಸರಿಹೋಗುವುದಿಲ್ಲ. ಟ್ಯಾಬ್ ವಿಡಿಯೊ ನೋಡಲಿಕ್ಕೆ ಚೆನ್ನ. ಪುಟಗಟ್ಟಲೆ ಹಾಡು ಟೈಪ್ ಮಾಡಲಿಕ್ಕೆ ಅಲ್ಲ.

ಇನ್ನು ಕನ್ನಡ. ಇದನ್ನು ಯಾರೂ ಹೇಳಲಿಲ್ಲ, ಆಶ್ಚರ್ಯ. ವಿಂಡೋಸ್‌ನಲ್ಲೇ 2019ರಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಒತ್ತಿದರೆ ಕನ್ನಡ ಬರುತ್ತದೆ. ಆದರೆ ನಿಮ್ಮ ಅತ್ತೆ ಅಷ್ಟೊಂದು ಟೈಪ್ ಮಾಡುವವರಾದರೆ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸ ಕಲಿಸಿ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇರುವುದು ಅದೇ, ಉಚಿತ. ‘ಕೆ’ ಕೀ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ‘ಎಫ್’. ಕನ್ನಡ ಟೀಚರ್‌ಗೆ ಇದು ಬೇಗ ಕೈಗೆ ಹತ್ತುತ್ತದೆ, ಯಾಕೆಂದರೆ ಅಕ್ಷರ ಹೇಗೆ ಕೂಡಿಕೊಳ್ಳುತ್ತದೆ ಅಂತ ಅವರಿಗೆ ಮೊದಲೇ ಗೊತ್ತು. ಕೀಲಿಗಳ ಮೇಲೆ ಕನ್ನಡ ಸ್ಟಿಕರ್ ಅಂಟಿಸಿಕೊಡಿ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ, ಅದು ಎಲ್ಲ ಕಂಪ್ಯೂಟರಿನಲ್ಲೂ ಓದಲಿಕ್ಕಾಗುವ ಅಕ್ಷರ ಪದ್ಧತಿ. ಹಳೇ ನುಡಿ ಫಾಂಟ್‌ನಲ್ಲಿ ಮಾಡಿದರೆ ಆ ಫಾಂಟ್ ಇಲ್ಲದ ಕಡೆ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಪ್ರೆಸ್ಸಿನವರು "ನುಡಿಯಲ್ಲಿ ಕೊಡಿ" ಅಂತ ಹಟ ಹಿಡಿಯಬಹುದು. ಬದಲಾಯಿಸುವ ಕನ್ವರ್ಟರ್‌ಗಳಿವೆ, ಆ ಕೆಲಸ ಅವರಿಗೇ ಬಿಡಿ.

ಎಳೆದು ಹಾಡುವ ಜಾಗಕ್ಕೆ ಅವಗ್ರಹ ಬೇಕಾಗುತ್ತದೆ: ಬಾರೇಽ ಅಂತ. ಟೈಪ್ ಮಾಡುವ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ವಿಶೇಷ ಅಕ್ಷರಗಳ ಪಟ್ಟಿ ತೆರೆದು, ಅದನ್ನು ಫೇವರಿಟ್‌ಗೆ ಸೇರಿಸಿಟ್ಟರೆ ಆಮೇಲೆ ಹುಡುಕುವುದು ಬೇಡ.

ಇನ್ನೊಂದು. ಕಲಿಸುವಾಗ ಮೌಸ್ ಕಿತ್ತುಕೊಂಡು ನೀವೇ ಟಕಟಕ ಮಾಡಿ ತೋರಿಸಬೇಡಿ. ಕೈ ಕಟ್ಟಿಕೊಂಡು ಕೂತುಕೊಳ್ಳಿ.

ಸೋದರಳಿಯ:
ಟೀಚರ್, ತುಂಬ ಥ್ಯಾಂಕ್ಸ್. ಅವಗ್ರಹ ಅಂದ ಕೂಡಲೇ ಅತ್ತೆ ಫೋನಿನಲ್ಲೇ "ಯಾರೋ ತಿಳಿದವರು" ಅಂದರು. ಹಾಗಾದರೆ ಡೆಸ್ಕ್‌ಟಾಪ್. ಆದರೆ ಕರೆಂಟ್? ಪದೇ ಪದೇ ಹೋಗುತ್ತಿದ್ದರೆ ಡೆಸ್ಕ್‌ಟಾಪ್ ತಡೆಯುತ್ತಾ? ಯುಪಿಎಸ್ ಸೇರಿಸಿದರೆ ಬಜೆಟ್ ದಾಟುತ್ತೆ.

ಸಾಗರದ ಸರ್ವಿಸ್‌ನವ:
ಮನೆಯಲ್ಲಿ ಇನ್ವರ್ಟರ್ ಇದೆಯಾ? ನಮ್ಮ ಕಡೆ ಬಹಳ ಮನೆಗಳಲ್ಲಿ ಇರುತ್ತೆ. ಇದ್ದರೆ ಯುಪಿಎಸ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಸಣ್ಣ ಯುಪಿಎಸ್ ಕೊಡುವುದು ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು, ಅಷ್ಟೇ. ಈ ಪುಟ್ಟ ಡೆಸ್ಕ್‌ಟಾಪ್‌ಗಳು ಕರೆಂಟ್ ಕಡಿಮೆ ತಿನ್ನುತ್ತವೆ, ಇನ್ವರ್ಟರ್ ಮೇಲೆ ಗಂಟೆಗಟ್ಟಲೆ ಓಡುತ್ತವೆ.

ಇನ್ವರ್ಟರ್ ಹಿಂದೆ ಸಾಮಾನ್ಯವಾಗಿ ಒಂದು ಸ್ವಿಚ್ ಇರುತ್ತೆ, ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ. ಆಗ ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ರೀಸ್ಟಾರ್ಟ್ ಆಗಲ್ಲ. ಒಂದೇ ತೊಂದರೆ: ವೋಲ್ಟೇಜ್ 180ರ ಆಸುಪಾಸಿಗಿಂತ ಕೆಳಗಿಳಿದರೆ ಈ ಮೋಡ್‌ನಲ್ಲಿ ಅದು ಬ್ಯಾಟರಿಗೆ ಹಾರಿಬಿಡುತ್ತೆ. ಸಂಜೆ ಹೊತ್ತು ಪಂಪ್‌ಸೆಟ್ ಓಡುವ ಊರಲ್ಲಿ ಬ್ಯಾಟರಿ ಬೇಗ ಖಾಲಿ. ಅಂಥ ಕಡೆ ಮಾತ್ರ ಮೋಡ್ ನಾರ್ಮಲ್‌ನಲ್ಲಿಟ್ಟು ಸಣ್ಣ ಯುಪಿಎಸ್ ಹಾಕಿ.

ಸಿಡಿಲಿಗೆ ಯಾವ ಸ್ಪೈಕ್ ಬಸ್ಟರೂ ಮದ್ದಲ್ಲ. ಗುಡುಗು ಕೇಳಿದರೆ ಪ್ಲಗ್ ಕೀಳಬೇಕು, ಅದನ್ನು ಅತ್ತೆಗೆ ಬೇರೆಯವರು ಹೇಳಬೇಕಾಗಿಲ್ಲ. ಇಂಟರ್‌ನೆಟ್ ಇನ್ನೂ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಫೈಬರ್‌ಗೆ ಬದಲಿಸಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯಲ್ಲ. ಕರೆಂಟ್ ಲೈನಿನಿಂದ ಬರುವ ಸಿಡಿಲಿಗೆ ಮಾತ್ರ ಪ್ಲಗ್ಗೇ ಕೀಳಬೇಕು.

ಎಸ್‌ಪಿ ರೋಡ್ ಗಿರಾಕಿ:
ಇವರ ಮಾತಿಗೆ ಸೇರಿಸುತ್ತೇನೆ. ನೀವು ದೂರದಿಂದ ಸರಿಮಾಡಲು ಎನಿಡೆಸ್ಕ್ ಥರದ್ದು ಹಾಕಿ ಬಿಡಬೇಡಿ. ಮೋಸ ಮಾಡುವವರು ಮೊದಲು ಹಾಕಿಸುವುದೇ ಅದು. ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಸಾಕು, ಪ್ರತಿಸಲ ಹೊಸ ಕೋಡ್ ಬೇಕು. ಆ ಕೋಡನ್ನು ವಿಡಿಯೊ ಕಾಲ್‌ನಲ್ಲಿ ನಿಮ್ಮ ಮುಖ ನೋಡಿಯೇ ಹಾಕಲಿ. ಅತ್ತೆಗೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ. 1930 ಸೈಬರ್ ಸಹಾಯವಾಣಿ, ಮಾನಿಟರ್ ಅಂಚಿಗೆ ಬರೆದು ಅಂಟಿಸಿ.

ಸೋದರಳಿಯ:
ಇನ್ವರ್ಟರ್ ಇದೆ, ಪಂಪ್‌ಸೆಟ್ ಕಾಟ ಅಷ್ಟಿಲ್ಲ. ಶನಿವಾರ ಅಂಗಡಿಗೆ ಹೋಗುತ್ತೇನೆ. ಮರೆಯಬಾರದ್ದು ಏನಾದರೂ ಉಂಟಾ?

ಸಾಗರದ ಸರ್ವಿಸ್‌ನವ:
ಆಫೀಸಿನಿಂದ ಬಂದ ಈ ಡಬ್ಬಗಳಲ್ಲಿ ಕ್ಯಾಮೆರಾ ಇರಲ್ಲ, ಬಹಳಷ್ಟರಲ್ಲಿ ವೈಫೈ ಕೂಡ ಇರಲ್ಲ. ವೆಬ್‌ಕ್ಯಾಮ್, ಸ್ಪೀಕರ್, ಯುಎಸ್‌ಬಿ ವೈಫೈ ಒಟ್ಟಿಗೇ ತಗೊಳ್ಳಿ. ಕೆಲವಕ್ಕೆ ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತೆ. ಮಾನಿಟರ್‌ಗೆ ಕೂರುವ ಕೇಬಲ್ ಅಲ್ಲೇ ಹಾಕಿಸಿ ನೋಡಿ, ಹೊಸನಗರದಲ್ಲಿ ಅದನ್ನು ಹುಡುಕುವುದು ಕಷ್ಟ. ಅಡಾಪ್ಟರ್ ಒರಿಜಿನಲ್ ಇರಲಿ. ಜಿಎಸ್‌ಟಿ ಬಿಲ್ ಕೇಳಿ, ವಾರಂಟಿ ಎಷ್ಟು ತಿಂಗಳು ಅಂತ ಬಿಲ್ ಮೇಲೇ ಬರೆಸಿಕೊಳ್ಳಿ.